ಬೆಳಿಗ್ಗೆ ಎಂಟು ಗಂಟೆಯ ರಕ್ತ

ಆ ವಾರ ಮಾವನಿಗೆ ಧೈರ್ಯ ಹೇಳಲು ಬಂದವರು ಹದಿನಾಲ್ಕು ಜನ. ಲೆಕ್ಕ ಸರಿಯಾಗಿಯೇ ಇದೆ, ಯಾಕೆಂದರೆ ಲೋಟ ತೊಳೆದವಳು ನಾನು. ಹಿರಿಯಡಕದಿಂದ ಸ್ವಲ್ಪ ಒಳಗಿರುವ ಆ ಮನೆಗೆ ಆಟಿ ತಿಂಗಳ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಬರುವುದೇ ಒಂದು ಕೆಲಸ. ಬಂದವರು ಚಾವಡಿಯಲ್ಲಿ ಕಾಲು ಒರೆಸಿ, ಒಳಗೆ ಬಂದು, ಮಂಚದ ಪಕ್ಕ ಕೂತು ಒಂದೇ ಮಾತು ಹೇಳುತ್ತಿದ್ದರು. "ಎಂತ ಮಾರಾಯ್ರೆ, ಹೀಗೆ ಮಲಗಿದರೆ ಹೇಗೆ? ಅರ್ಧ ರೋಗ ಮನಸ್ಸಿನಲ್ಲೇ ಇರುವುದು. ಧೈರ್ಯ ತಗೊಳ್ಳಿ." ಮಾವ ಕಣ್ಣು ಬಿಡುತ್ತಿದ್ದರು, ಹೂಂ ಅನ್ನುತ್ತಿದ್ದರು, ಮತ್ತೆ ಗೋಡೆ ಕಡೆ ತಿರುಗುತ್ತಿದ್ದರು.

ನಾನೂ ಹೇಳಿದೆ. ಎರಡು ಸಲ. ಎರಡನೇ ಸಲ ಸ್ವಲ್ಪ ಗದರಿಸಿಯೇ ಹೇಳಿದೆ. ಅದು ಈಗಲೂ ನೆನಪಾಗುತ್ತದೆ.

ಮಾವ ಅಂದರೆ ಅಮ್ಮನ ಅಣ್ಣ. ಆಗ 67 ವರ್ಷ. ಅವರಿಗೆ ಇದ್ದದ್ದು ಅನ್ನನಾಳದ ಕ್ಯಾನ್ಸರ್. ಆದರೆ ಆ ವಾರ ಅವರು ಏಳಲಾಗದೆ ಮಲಗಿದ್ದಕ್ಕೆ ಕಾರಣ ಬೇರೆ ಇತ್ತು. ಕಿಡ್ನಿಗಳ ತಲೆಯ ಮೇಲೆ ಟೊಪ್ಪಿಯ ಹಾಗೆ ಕೂತಿರುವ ಎರಡು ಸಣ್ಣ ಗ್ರಂಥಿಗಳು, ಎರಡೂ ಸೇರಿದರೆ ಹತ್ತು ಗ್ರಾಂ ಆಸುಪಾಸು ತೂಗುವಂಥವು, ಕೆಲಸ ನಿಲ್ಲಿಸಿದ್ದವು. ಅಡ್ರಿನಲ್ ಗ್ರಂಥಿಗಳು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಪ್ರತಿ ವರ್ಷ ಫಸ್ಟ್ ಪಿಯುಸಿ ಮಕ್ಕಳಿಗೆ ಈ ಗ್ರಂಥಿಯ ಚಿತ್ರ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಮನೆಯ ಮಂಚದ ಮೇಲೆ ಅದೇ ಪಾಠ ಮಲಗಿದ್ದಾಗ ಗುರುತು ಸಿಗಲಿಲ್ಲ.

ಶುರುವಾದದ್ದು ನೀರಿನಿಂದ. ಒಂದು ತುತ್ತು, ಒಂದು ಗುಟುಕು ನೀರು. ಊಟಕ್ಕೆ ಕೂತರೆ ಮಾವನ ಲೋಟ ಎರಡು ಸಲ ಖಾಲಿಯಾಗುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾಯಿತೇನೋ ಅಂತ ಅತ್ತೆ ಅಂದುಕೊಂಡರು. ಆಮೇಲೆ ಉದ್ದಿನ ದೋಸೆ ಬೇಡ, ನೀರುದೋಸೆ ಸಾಕು ಎಂದರು. ಸ್ವಲ್ಪ ದಿನಕ್ಕೆ ಅದೂ ಎದೆಯಲ್ಲಿ ನಿಲ್ಲುತ್ತದೆ, ಗಂಜಿ ಕೊಡು ಎಂದರು. ನಮ್ಮ ಕಡೆ ಕುಚ್ಚಲಕ್ಕಿ ಗಂಜಿ ಉಣ್ಣುವವರನ್ನು ಯಾರೂ ರೋಗಿ ಅಂತ ನೋಡುವುದಿಲ್ಲ. ಹಾಗಾಗಿ ಎರಡು ತಿಂಗಳು ಯಾರಿಗೂ ಸಂಶಯ ಬರಲಿಲ್ಲ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಳ್ಳುವುದನ್ನು ಭಾವ ನೋಡಿದ ಮೇಲೆಯೇ ಎಂಡೋಸ್ಕೋಪಿ ಆದದ್ದು. (ಭಾವ ಅಂದರೆ ಮಾವನ ಮಗ.) ಅಷ್ಟರಲ್ಲಿ ಒಂಬತ್ತು ಕೆಜಿ ಇಳಿದಿತ್ತು.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತಗಿನ ಕೊಳವೆ. ಚೆನ್ನಾಗಿ ಹಿಗ್ಗುತ್ತದೆ. ಹಿಗ್ಗುವುದೇ ತೊಂದರೆ, ಒಳಗೆ ಗಡ್ಡೆ ಬೆಳೆದರೂ ಬಹಳ ದಿನ ತೋರಿಸಿಕೊಳ್ಳುವುದಿಲ್ಲ. ಮೊದಲು ಗಟ್ಟಿ ಆಹಾರ ನಿಲ್ಲುತ್ತದೆ, ಆಮೇಲೆ ಮೆತ್ತಗಿನದ್ದು, ಕೊನೆಗೆ ನೀರು. ನಮ್ಮ ದೇಶದಲ್ಲಿ ಜಾಸ್ತಿ ಕಾಣುವುದು ಸ್ಕ್ವಾಮಸ್ ಸೆಲ್ ಎಂಬ ಬಗೆ, ಮಾವನದ್ದೂ ಅದೇ. ತಂಬಾಕು, ಮದ್ಯ, ಹೊಗೆಸೊಪ್ಪು ಹಾಕಿದ ಎಲೆಯಡಿಕೆ, ಇವೆಲ್ಲ ಅದರ ಹಳೇ ಪರಿಚಯದವರು. 65 ಡಿಗ್ರಿಗಿಂತ ಬಿಸಿಯಾದ ಪಾನೀಯವನ್ನೂ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಂಶಯದ ಪಟ್ಟಿಗೆ ಸೇರಿಸಿತು. ಮಾವ ಕುಡಿಯುತ್ತಿರಲಿಲ್ಲ, ಬೀಡಿ ಇಲ್ಲ. ಆದರೆ ನಲವತ್ತು ವರ್ಷ ಎಲೆಯಡಿಕೆ, ಅದೂ ಹೊಗೆಸೊಪ್ಪಿನ ತುಂಡಿನ ಜೊತೆ. ಕಾಫಿ ಹಬೆಯಾಡದಿದ್ದರೆ ಅತ್ತೆಗೆ ವಾಪಸ್ ಕೊಡುವವರು. ತನ್ನದೇ ತೋಟದ ಅಡಿಕೆ, ಅದರಲ್ಲಿ ಮೋಸ ಇಲ್ಲ ಅನ್ನುವುದು ಅವರ ವಾದ.

ಚಿಕಿತ್ಸೆ ಹೀಗೆ ಅಂತ ಗೊತ್ತಾಯಿತು. ಮೊದಲು ಐದು ವಾರ ಕರೆಂಟು, ಅಂದರೆ ರೇಡಿಯೇಷನ್, ಒಟ್ಟು 23 ಸಲ. ಅದರ ಜೊತೆ ವಾರಕ್ಕೊಂದು ಕಿಮೋ. ಆಮೇಲೆ ಒಂದೂವರೆ ಎರಡು ತಿಂಗಳು ಬಿಟ್ಟು ಆಪರೇಷನ್. ಹಾಲೆಂಡಿನ ವೈದ್ಯರು ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾದ ಮೇಲೆ ಈ ಕ್ರಮ ಜಗತ್ತಿನ ಎಷ್ಟೋ ಕಡೆ ರೂಢಿಗೆ ಬಂದಿದೆ. ಜೂನ್ ಮೊದಲ ವಾರ ಮಳೆ ಹಿಡಿಯಿತು, ಮಾವನ ಕರೆಂಟೂ ಶುರುವಾಯಿತು. ದಿನಾ ಬೆಳಿಗ್ಗೆ ಭಾವನ ಕಾರಿನಲ್ಲಿ ಪರ್ಕಳ ದಾಟಿ ಹೋಗುವುದು, ಮಧ್ಯಾಹ್ನ ವಾಪಸ್ ಬರುವುದು. ದಾರಿಯಲ್ಲಿ ಮಾವ ಯಾರ ತೋಟಕ್ಕೆ ಮದ್ದು ಬಿಟ್ಟಾಯಿತು, ಯಾರದು ಬಾಕಿ ಅಂತ ನೋಡುತ್ತ ಬರುತ್ತಿದ್ದರು. ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಮದ್ದು ಬಿಡದಿದ್ದರೆ ಆ ವರ್ಷದ ಅಡಿಕೆ ಉದುರಿ ಹೋಗುತ್ತದೆ. ಅವರಿಗೆ ತನ್ನ ಮದ್ದಿಗಿಂತ ಆ ಮದ್ದಿನ ಚಿಂತೆ.

ಎರಡನೇ ವಾರಕ್ಕೆ ಗಂಟಲು ಪೂರ್ತಿ ಸುಟ್ಟ ಹಾಗಾಯಿತು. ಕರೆಂಟಿಗೆ ಅನ್ನನಾಳದ ಒಳಪದರ ಊದಿಕೊಳ್ಳುತ್ತದೆ. ಗಂಜಿಯ ತಿಳಿಯೂ ಇಳಿಯದೆ ಹೋದಾಗ ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಡೆಕ್ಸಾಮೆಥಾಸೋನ್, 4 ಮಿಲಿಗ್ರಾಂ, ಬೆಳಿಗ್ಗೆ ಒಂದು. ಹತ್ತು ದಿನ, ಆಮೇಲೆ ಅರ್ಧ, ಆಮೇಲೆ ಬಂದು ತೋರಿಸಿ ಅಂತ ಚೀಟಿಯಲ್ಲಿತ್ತು.

ಅದು ಮಾತ್ರೆಯಾ, ಮಂತ್ರವಾ ಅನ್ನಿಸಿತು. ಮೂರನೇ ದಿನ ಮಾವ ಎದ್ದು ಕೂತರು. ಗಂಜಿಗೆ ಮಾವಿನ ಮಿಡಿ ಕೇಳಿದರು. ಸಿಗಲಿಲ್ಲ ಅಂತ ಸಿಟ್ಟೂ ಮಾಡಿದರು. ರಾತ್ರಿ ಒಂದು ಗಂಟೆಗೆ ಎದ್ದು ಚಾವಡಿಯಲ್ಲಿ ಕೂತು ಹಳೇ ಯಕ್ಷಗಾನದ ಪದ ಗುನುಗುತ್ತಿದ್ದರಂತೆ. ಹತ್ತು ದಿನ ಮುಗಿಯಿತು. ಆದರೆ ಇಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ಯಾರು ನಿಲ್ಲಿಸುತ್ತಾರೆ? ಭಾವ ಮೆಡಿಕಲ್ ಶಾಪಿಗೆ ಹೋಗಿ ಖಾಲಿ ಸ್ಟ್ರಿಪ್ ತೋರಿಸಿದ, ಅವರು ಹೊಸ ಸ್ಟ್ರಿಪ್ ಕೊಟ್ಟರು. ಹತ್ತು ಮಾತ್ರೆಗೆ ಕೊಟ್ಟ ದುಡ್ಡಿನಲ್ಲಿ ಒಂದು ಎಳನೀರು ಬರುವುದಿಲ್ಲ. ಹಾಗೆ ಕೊಂಡು ಕೊಂಡು ಏಳು ವಾರ ಹೋಯಿತು. ಕರೆಂಟು ಮುಗಿದರೂ ಮಾತ್ರೆ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆಟಿ ಅಮಾವಾಸ್ಯೆಯ ದಿನ ನಾನು ಅಲ್ಲಿದ್ದೆ. ಬೆಳಕು ಹರಿಯುವ ಮೊದಲೇ ಆ ದಿನದ ಕಷಾಯಕ್ಕೆ ಭಾವ ಹಾಲೆಮರದ ಕೆತ್ತೆ, ಅಂದರೆ ತೊಗಟೆ, ಕಲ್ಲಿನಿಂದ ಜಜ್ಜಿ ತಂದಿದ್ದ. ಅತ್ತೆ ಕಷಾಯಕ್ಕೆ ಬಿಸಿ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟರು. ಕಹಿ ಅಂದರೆ ಕಹಿ. ಮಾವನೂ ಒಂದು ಗುಟುಕು ಕುಡಿದರು, ಇಷ್ಟು ಕುಡಿಯಲು ಡಾಕ್ಟ್ರ ಅಪ್ಪಣೆ ಬೇಡ ಎಂದರು. ಆಗ ಅವರ ಮುಖ ನೋಡಿದೆ. ಕೆನ್ನೆ ದುಂಡಗಾಗಿತ್ತು. ಮೈ ಸೊರಗಿ, ಮುಖ ಮಾತ್ರ ತುಂಬಿತ್ತು. ಯಾವ ಮಾತ್ರೆ ಅಂತ ಕೇಳಿ ಸ್ಟ್ರಿಪ್ ನೋಡಿದವಳಿಗೆ ಎದೆ ಧಸಕ್ಕೆಂದಿತು. "ಇದು ಸ್ಟಿರಾಯ್ಡ್ ಅಲ್ವಾ ಭಾವ? ಇಷ್ಟು ದಿನ ತಿನ್ನಿಸಿದ್ದೀರಾ? ಶುಗರ್ ಬರುತ್ತದೆ, ಮೂಳೆ ಹಾಳಾಗುತ್ತದೆ. ನಾಳೆಯಿಂದಲೇ ನಿಲ್ಲಿಸಿ."

ನಿಲ್ಲಿಸಿದರು. ಮೇಡಂ ಹೇಳಿದ್ದಲ್ವಾ.

ನಾಲ್ಕನೇ ದಿನಕ್ಕೆ ಮಾವ ಮಂಚ ಹಿಡಿದರು. ಊಟ ಬೇಡ. ಕೂತರೆ ತಲೆ ಸುತ್ತು, ನಿಂತರೆ ಕಣ್ಣು ಕತ್ತಲೆ. ಬೆಳಿಗ್ಗೆ ವಾಂತಿ. ಮಾತು ಕೇಳಿಸದಷ್ಟು ಮೆತ್ತಗೆ. ತೋಟದ ಸುದ್ದಿ ಹೇಳಿದರೂ ಕಣ್ಣು ಬಿಡುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಮನೆಯವರಿಗೆ ಏನನ್ನಿಸುತ್ತದೆ? ರೋಗ ಏರಿತು, ಇಲ್ಲಾ ಮನಸ್ಸು ಇಳಿಯಿತು. ಬೇರೆ ಯೋಚನೆ ಯಾಕೆ ಬರುತ್ತದೆ? ಆಗ ಬಂದವರೇ ಆ ಹದಿನಾಲ್ಕು ಜನ.

ಎಂಟನೇ ದಿನ ಬಚ್ಚಲಿಗೆ ಹೋಗುವಾಗ ಕುಸಿದರು. ಆಸ್ಪತ್ರೆಗೆ ತಲುಪಿದಾಗ ಬಿಪಿ 84. ರಕ್ತದಲ್ಲಿ ಸೋಡಿಯಂ 124, ಕನಿಷ್ಠ 135 ಇರಬೇಕಾದದ್ದು. ಶುಗರ್ ಕೂಡ ಕೆಳಗೆ. ಡ್ರಿಪ್ ಹಾಕಿದರು, ಕ್ಯಾನ್ಸರ್ ರೋಗಿ, ತಿಂದಿಲ್ಲ, ನಿರ್ಜಲವಾಗಿದೆ ಅಂತ ಬರೆದರು. ಅದೂ ಸುಳ್ಳಲ್ಲ. ರಾತ್ರಿ ಡ್ಯೂಟಿಗೆ ಪಿಜಿ ಓದುತ್ತಿರುವ ಒಬ್ಬ ಡಾಕ್ಟ್ರ ಹುಡುಗಿ ಬಂದಳು, ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನವಳು. ಎರಡು ಬಾಟಲಿ ಹೋದರೂ ಬಿಪಿ ಯಾಕೆ ಏರುತ್ತಿಲ್ಲ ಅಂತ ಅವಳಿಗೆ ಕಸಿವಿಸಿ. "ಆಂಟೀ, ಎರಡು ತಿಂಗಳಿಂದ ಯಾವ ಯಾವ ಮಾತ್ರೆ ತಗೊಂಡಿದ್ದಾರೆ? ನಿಲ್ಲಿಸಿದ್ದನ್ನೂ ಹೇಳಿ."

ನಿಲ್ಲಿಸಿದ್ದನ್ನೂ ಹೇಳಿ. ಅಷ್ಟು ಕೇಳಿದ್ದೇ ನನ್ನ ತಲೆಯಲ್ಲಿ ಆ ಬೋರ್ಡಿನ ಚಿತ್ರ ಒಮ್ಮೆಲೇ ಹೊತ್ತಿಕೊಂಡಿತು.

ತರಗತಿಯಲ್ಲಿ ನಾನು ಈ ಪಾಠಕ್ಕೆ ಹುಲಿಯನ್ನು ಕರೆದುಕೊಂಡು ಬರುತ್ತೇನೆ. ಎದುರಿಗೆ ಹುಲಿ ಬಂದರೆ ಏನು ಮಾಡ್ತೀರಿ ಅಂತ ಕೇಳಿದರೆ, "ಅಷ್ಟಮಿಯ ಹುಲಿವೇಷವಾ ಮೇಡಂ, ಕಾಡಿನ ಹುಲಿಯಾ?" ಅಂತ ಹಿಂದಿನ ಬೆಂಚಿನಿಂದ ಕೇಳುತ್ತಾರೆ. ಕಾಡಿನ ಹುಲಿ ಬಂದರೆ ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಅದು ಅಡ್ರಿನಲಿನ್, ಗ್ರಂಥಿಯ ಒಳಗಿನ ತಿರುಳಿನದು. ಅದರ ಆಟ ನಿಮಿಷಗಳದ್ದು. ಹೊರಗಿನ ತೊಗಟೆಯಿಂದ ಬರುವುದು ಕಾರ್ಟಿಸಾಲ್, ಆಲ್ಡೋಸ್ಟಿರೋನ್, ಒಂದಿಷ್ಟು ಲೈಂಗಿಕ ಹಾರ್ಮೋನುಗಳು. ನಾನು ಹುಲಿಯ ಮೇಲೆ ಇಪ್ಪತ್ತು ನಿಮಿಷ ಕಳೆದು, ಕಾರ್ಟಿಸಾಲನ್ನು ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಿತ್ತು.

ಆದರೆ ಮನುಷ್ಯನನ್ನು ದಿನವಿಡೀ ನಿಲ್ಲಿಸಿಕೊಂಡಿರುವುದು ಕಾರ್ಟಿಸಾಲ್. ರಕ್ತನಾಳಗಳು ಬಿಗಿಯಾಗಿರುವುದು, ಊಟ ತಪ್ಪಿದರೂ ಶುಗರ್ ಬೀಳದಿರುವುದು, ಹಾಸಿಗೆಯಿಂದ ಏಳಬೇಕು ಅನ್ನಿಸುವುದು, ಎಲ್ಲದರಲ್ಲೂ ಅದರ ಕೈ ಇದೆ. ಆರೋಗ್ಯವಂತ ದೇಹ ದಿನಕ್ಕೆ 10ರಿಂದ 20 ಮಿಲಿಗ್ರಾಂ ಒಳಗೆ ತಯಾರು ಮಾಡುತ್ತದೆ. ಎಷ್ಟು ಬೇಕು ಅಂತ ಹೇಳುವುದು ಮೆದುಳಿನ ಕೆಳಗಿರುವ ಪಿಟ್ಯುಟರಿ. ಅಡ್ರಿನಲ್‌ಗೆ ಅಲ್ಲಿಂದ ಚೀಟಿ ಬರಬೇಕು. ಆ ಚೀಟಿಗೆ ಎಸಿಟಿಎಚ್ ಅಂತ ಹೆಸರು.

ಡೆಕ್ಸಾಮೆಥಾಸೋನ್ ಕಾರ್ಟಿಸಾಲಿನ ವೇಷ ಹಾಕಿದ ಮದ್ದು. ತಾಕತ್ತು ಸುಮಾರು 25 ಪಟ್ಟು. 4 ಮಿಲಿಗ್ರಾಂ ನುಂಗಿದರೆ 100 ಮಿಲಿಗ್ರಾಂ ಕಾರ್ಟಿಸಾಲ್ ಒಳಗೆ ಹೋದ ಹಾಗೆ. ಪಿಟ್ಯುಟರಿ ಅದನ್ನು ನೋಡಿ ಮನೆಯಲ್ಲಿ ರಾಶಿ ಇದೆ ಅಂತ ಚೀಟಿ ಕಳಿಸುವುದನ್ನು ನಿಲ್ಲಿಸುತ್ತದೆ. ಚೀಟಿ ಬರದಿದ್ದರೆ ಅಡ್ರಿನಲ್ ಕೆಲಸ ಬಿಡುತ್ತದೆ, ವಾರಗಟ್ಟಲೆ ಬಿಟ್ಟರೆ ಸೊರಗುತ್ತದೆ. ಆಗ ಮಾತ್ರೆಯನ್ನು ಒಮ್ಮೆಲೇ ಎಳೆದುಬಿಟ್ಟರೆ ಒಳಗೂ ಇಲ್ಲ, ಹೊರಗೂ ಇಲ್ಲ. ಮೂರ್ನಾಲ್ಕು ವಾರಕ್ಕಿಂತ ಕಡಿಮೆ ತೆಗೆದುಕೊಂಡವರು ಸಾಮಾನ್ಯವಾಗಿ ಸೀದಾ ನಿಲ್ಲಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ವೈದ್ಯರು ಹೇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಏಳು ವಾರದ ಮೇಲೆ ನಾನು ಮಾವನನ್ನು ಮಾಳಿಗೆಯಿಂದ ಕೆಳಗೆ ತಳ್ಳಿದ್ದೆ. ಭಾವನ ತಪ್ಪು ಕೊಂಡದ್ದು. ನನ್ನದು ನಿಲ್ಲಿಸಿದ್ದು. ಎರಡರಲ್ಲಿ ಯಾವುದು ದೊಡ್ಡದು ಅಂತ ನಾವಿಬ್ಬರೂ ಇವತ್ತಿನವರೆಗೆ ಚರ್ಚೆ ಮಾಡಿಲ್ಲ.

ಬೆಳಿಗ್ಗೆ ಎಂಟು ಗಂಟೆಗೆ ರಕ್ತ ತೆಗೆದರು. ಎಂಟೇ ಗಂಟೆಗೆ ಯಾಕೆ ಅಂದರೆ ಈ ಹಾರ್ಮೋನಿಗೆ ದಿನದ ಲೆಕ್ಕ ಇದೆ. ನಡುರಾತ್ರಿಗೆ ಅತೀ ಕಡಿಮೆ. ಬೆಳಗಿನ ಜಾವ ಏರತೊಡಗುತ್ತದೆ. ಬಯಲಾಟದಲ್ಲಿ ಎಲ್ಲರ ಕಣ್ಣು ಎಳೆಯುವ ಹೊತ್ತಿಗೆ ಚೆಂಡೆ ಜೋರಾಗುತ್ತದಲ್ಲ, ಹೆಚ್ಚುಕಮ್ಮಿ ಆ ಹೊತ್ತು. ಎದ್ದ ಮೇಲೆ ಎಂಟರ ಸುಮಾರಿಗೆ ತುತ್ತತುದಿ. ಆ ಹೊತ್ತಿಗೂ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಗ್ರಂಥಿ ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ. ಮಾವನದ್ದು 1.8.

ರಕ್ತ ತೆಗೆದ ಕೂಡಲೇ, ರಿಪೋರ್ಟಿಗೆ ಕಾಯದೆ, 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್, ಅಂದರೆ ಮದ್ದಿನ ರೂಪದ ಕಾರ್ಟಿಸಾಲ್, ಇಂಜೆಕ್ಷನ್ ಕೊಟ್ಟರು. ಕಾಯಬಾರದು, ಸಂಶಯ ಬಂದರೆ ಮೊದಲು ಇಂಜೆಕ್ಷನ್. ಮಧ್ಯಾಹ್ನಕ್ಕೆ ಬಿಪಿ 110 ಆಯಿತು. ಸಂಜೆ ನಾಲ್ಕೂವರೆಗೆ ಮಾವ ಕಣ್ಣು ಬಿಟ್ಟು, ಕಿಟಕಿಯ ಹೊರಗಿನ ಮಳೆ ನೋಡಿ, ಭಾವನನ್ನು ಕೇಳಿದರು. "ಎರಡನೇ ಮದ್ದು ಬಿಟ್ಟಾಯ್ತಾ?"

ಭಾವ ವಾರ್ಡಿನ ಹೊರಗೆ ಹೋಗಿ ಅತ್ತ. ಹದಿನಾಲ್ಕು ಜನ ಹೇಳಿದ ಧೈರ್ಯ ಎಲ್ಲಿ ಹೋಗಿತ್ತೋ, ಒಂದು ಸಿರಿಂಜಿನಲ್ಲಿ ಬಂತು.

ಮರುದಿನ ದೊಡ್ಡ ಡಾಕ್ಟ್ರು ಬಂದು ಇನ್ನೊಂದು ಸಾಧ್ಯತೆ ಹೇಳಿದರು. ಅನ್ನನಾಳದ ಕ್ಯಾನ್ಸರ್ ಕೆಲವೊಮ್ಮೆ ಅಡ್ರಿನಲ್‌ಗಳಿಗೇ ಹರಡುತ್ತದೆ. ಎರಡೂ ಗ್ರಂಥಿಗಳ ಬಹುಪಾಲು ನಾಶವಾದರೆ ಇದೇ ಸ್ಥಿತಿ ಬರಬಹುದು. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ಈ ಗ್ರಂಥಿಗಳ ಕಾಯಿಲೆಯ ಬಗ್ಗೆ ಮೊದಲ ಪುಸ್ತಕ ಬರೆದಾಗ ಅದರಲ್ಲಿದ್ದ 11 ರೋಗಿಗಳಲ್ಲಿ ಹಲವರಿಗೆ ಕ್ಷಯ, ಕೆಲವರಿಗೆ ಬೇರೆ ಕಡೆಯಿಂದ ಬಂದ ಕ್ಯಾನ್ಸರ್. ಸುಸ್ತು, ನಿತ್ರಾಣ, ಹೃದಯದ ಬಡಿತ ಕ್ಷೀಣ, ಹೊಟ್ಟೆ ತೊಳೆಸುವುದು, ಚರ್ಮ ಕಪ್ಪಾಗುವುದು ಅಂತ ಅವನು ಬರೆದ ಪಟ್ಟಿ ಇವತ್ತಿಗೂ ಪಾಠವೇ. ಆ ಪಟ್ಟಿಯನ್ನು ಓದಿ ನೋಡಿ. ಕೊನೆಯ ಒಂದನ್ನು ಬಿಟ್ಟರೆ, ಯಾವ ಕ್ಯಾನ್ಸರ್ ರೋಗಿಯಲ್ಲಿ ಇವಿಲ್ಲ? ತೂಕ ಇಳಿಯುವುದು ಕ್ಯಾನ್ಸರಿಗೂ ಸಹಜ, ಅಡ್ರಿನಲ್ ಸೋತರೂ ಸಹಜ. ವಾಂತಿ ಕಿಮೋದಿಂದಲೂ ಬರುತ್ತದೆ, ಇದರಿಂದಲೂ ಬರುತ್ತದೆ. ಒಂದರ ಕೊಡೆಯಡಿ ಇನ್ನೊಂದು ನಡೆದುಕೊಂಡು ಹೋದರೆ ಹಿಂದಿನಿಂದ ನೋಡುವವರಿಗೆ ಕಾಣುವುದು ಒಂದೇ ಕೊಡೆ.

ಮಾವನ ವಿಷಯದಲ್ಲಿ ಬಿಡಿಸುವುದು ಕಷ್ಟವಾಗಲಿಲ್ಲ. ಸ್ಕ್ಯಾನಿನಲ್ಲಿ ಎರಡೂ ಗ್ರಂಥಿ ಸ್ವಚ್ಛ. ಚರ್ಮ, ಒಸಡು ಕಪ್ಪಾಗಿರಲಿಲ್ಲ. ಪೊಟ್ಯಾಸಿಯಂ ಸರಿಯಾಗಿತ್ತು. ಉಪ್ಪಿನ ಲೆಕ್ಕ ನೋಡುವ ಆಲ್ಡೋಸ್ಟಿರೋನ್ ಮುಖ್ಯವಾಗಿ ಕಿಡ್ನಿಯ ಮಾತು ಕೇಳುತ್ತದೆ, ಪಿಟ್ಯುಟರಿಯ ಚೀಟಿಗೆ ಕಾಯುವುದಿಲ್ಲ. ಗ್ರಂಥಿಯೇ ನಾಶವಾಗಿದ್ದರೆ ಅದೂ ನಿಂತು ಪೊಟ್ಯಾಸಿಯಂ ಏರುತ್ತಿತ್ತು. ಏರಿರಲಿಲ್ಲ. ಅಂದರೆ ಗ್ರಂಥಿ ಇದೆ, ನಿದ್ದೆಯಲ್ಲಿದೆ. ನಾನು ಆ ದಿನ ಆ ಡಾಕ್ಟ್ರಿಗೆ ಕೈ ಮುಗಿದದ್ದು ಔಪಚಾರಿಕವಾಗಿ ಅಲ್ಲ.

ಇನ್ನೊಂದು ಮಾತನ್ನೂ ಅವರು ಹೇಳಿದರು. ಕ್ಯಾನ್ಸರ್ ರೋಗಿಗಳಲ್ಲಿ ಈ ಹಾರ್ಮೋನು ಕಡಿಮೆಯಾಗುವುದಕ್ಕಿಂತ ಜಾಸ್ತಿ ಇರುವುದೇ ಸಾಮಾನ್ಯ. ನನಗೆ ಅದು ಹೊಸದು. ಆಮೇಲೆ ಓದಿದೆ. ನುಂಗಲಾಗದೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿರುವ ದೇಹಕ್ಕೆ ಅದು ಉಪವಾಸ. ಜೊತೆಗೆ ಗಡ್ಡೆಯ ಸುತ್ತ ಉರಿಯೂತ. ಎರಡೂ ಸೇರಿ ಕಾರ್ಟಿಸಾಲನ್ನು ಮೇಲಕ್ಕೆ ತಳ್ಳುತ್ತವೆ. ಮೇಲೆ ಹೋದ ಕಾರ್ಟಿಸಾಲ್ ಸುಮ್ನೆ ಕೂರುವುದಿಲ್ಲ, ಸ್ನಾಯುಗಳನ್ನು ಕರಗಿಸಿ ಶುಗರ್ ಮಾಡುತ್ತದೆ. ಮಾವನ ತೋಳು ಬತ್ತಿ ಹೋದದ್ದು ಬರೀ ತಿನ್ನದೆ ಅಲ್ಲ, ದೇಹವೇ ತನ್ನನ್ನು ತಿಂದು. ಅದೇ ಹೊತ್ತಿಗೆ ತೊಗಟೆಯ ಇನ್ನೊಂದು ಹಾರ್ಮೋನು, ಡಿಎಚ್‌ಇಎ, ದೀರ್ಘ ಕಾಯಿಲೆಯಲ್ಲಿ ಇಳಿಯುತ್ತದೆ. ವಯಸ್ಸಾದಂತೆ ಹೇಗೂ ಇಳಿಯುವಂಥದ್ದೇ ಅದು, ಕಾಯಿಲೆ ಆ ಇಳಿಜಾರನ್ನು ಇನ್ನಷ್ಟು ಕಡಿದು ಮಾಡುತ್ತದೆ.

ಎಷ್ಟಿದೆ ಅನ್ನುವುದರ ಜೊತೆ ದಿನದ ಏರಿಳಿತ ಉಳಿದಿದೆಯಾ ಅನ್ನುವುದೂ ಮುಖ್ಯವಂತೆ. ಅಮೆರಿಕದ ಸ್ಟ್ಯಾನ್‌ಫರ್ಡಿನವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹರಡಿದ ಸ್ತನ ಕ್ಯಾನ್ಸರ್ ಇರುವ ಮಹಿಳೆಯರ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದರು. ಬೆಳಿಗ್ಗೆ ಏರಿ ರಾತ್ರಿ ಇಳಿಯುವ ಲಯ ಚಪ್ಪಟೆಯಾದವರು ಬೇಗ ತೀರಿಕೊಂಡಿದ್ದರು. ಲಯ ಕೆಟ್ಟದ್ದರಿಂದ ರೋಗ ಏರಿತಾ, ರೋಗ ಏರಿದ್ದರಿಂದ ಲಯ ಕೆಟ್ಟಿತಾ ಅಂತ ಅದೊಂದರಿಂದಲೇ ಹೇಳಲಾಗದು. ಅದು ಬೇರೆ ಕ್ಯಾನ್ಸರ್, ಅನ್ನನಾಳಕ್ಕೆ ಹಾಗೇ ಎತ್ತಿ ಅಂಟಿಸಲೂ ಬಾರದು. ಆದರೂ ಮಾವ ರಾತ್ರಿ ಒಂದು ಗಂಟೆಗೆ ಚಾವಡಿಯಲ್ಲಿ ಪದ ಹಾಡುತ್ತಿದ್ದದ್ದು ನೆನಪಾಯಿತು. ನಾವದನ್ನು ಉಲ್ಲಾಸ ಅಂತ ಓದಿದ್ದೆವು. ಅದು ಮಾತ್ರೆ ಕದ್ದ ನಿದ್ದೆ.

ಸೆಪ್ಟೆಂಬರ್ ಕೊನೆಯಲ್ಲಿ ಆಪರೇಷನ್ ಆಯಿತು. ಏಳು ಗಂಟೆ ಹಿಡಿಯಿತು. ಹೊಟ್ಟೆಯೊಳಗೂ ಎದೆಯೊಳಗೂ ಕೈ ಹಾಕಬೇಕಾದ ಕೆಲಸ. ಅನ್ನನಾಳದ ಬಹುಭಾಗ ತೆಗೆದು, ಹೊಟ್ಟೆಯನ್ನೇ ಕೊಳವೆಯ ಹಾಗೆ ಹೊಲಿದು ಎದೆಯೊಳಗೆ ಎಳೆದು ಜೋಡಿಸುತ್ತಾರೆ. ಇಂಥ ಆಪರೇಷನ್ನಿನಲ್ಲಿ ಆರೋಗ್ಯವಂತನ ಅಡ್ರಿನಲ್ ಕತ್ತಿ ತಾಗಿದ ಕ್ಷಣದಿಂದ ಓಡತೊಡಗುತ್ತದೆ, ಎಂದಿನ ಹಲವು ಪಟ್ಟು ಕಾರ್ಟಿಸಾಲ್ ಸುರಿಯುತ್ತದೆ. ಮಾಮೂಲಿಗೆ ಬರಲು ದಿನಗಳು ಬೇಕು. ಮಾವನ ಗ್ರಂಥಿಗೆ ಆ ಓಟ ಸಾಧ್ಯವಿರಲಿಲ್ಲ. 1952ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು ಇಂಥ ಸಾವೊಂದನ್ನು ದಾಖಲಿಸಿತ್ತು. ಸಂಧಿವಾತಕ್ಕೆ ತಿಂಗಳುಗಟ್ಟಲೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ತೆಗೆದುಕೊಂಡ ರೋಗಿ, ಸೊಂಟದ ಆಪರೇಷನ್ ಆದ ಮೇಲೆ ಬಿಪಿ ಬಿದ್ದು ಮೇಲೇಳಲೇ ಇಲ್ಲ. ಆ ಮದ್ದಿಗೆ ನೊಬೆಲ್ ಬಂದು ಬರೀ ಎರಡು ವರ್ಷ ಆಗಿತ್ತು.

ಮಾವನಿಗೆ ಅರಿವಳಿಕೆ ಕೊಡುವಾಗಲೇ 100 ಮಿಲಿಗ್ರಾಂ, ಆಮೇಲೆ ದಿನಕ್ಕೆ 200 ಡ್ರಿಪ್ಪಿನಲ್ಲಿ. ಗ್ರಂಥಿ ಮಾಡಬೇಕಾದ್ದನ್ನು ಬಾಟಲಿ ಮಾಡಿತು. ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಡಾಕ್ಟ್ರು ಕೇಳುವ ಮೊದಲೇ ಅತ್ತೆ ಹೇಳಿದರಂತೆ, "ಇವರು ಆ ಮದ್ದು ತಿಂದವರು, ಮರೆಯಬೇಡಿ." ಹೈಡ್ರೋಕಾರ್ಟಿಸೋನ್ ಅನ್ನುವ ಹೆಸರು ನಾಲಿಗೆಗೆ ಬರುವುದಿಲ್ಲ ಅಂತ ಸೀರೆಯ ಸೆರಗಿಗೆ ಕಾಗದ ಕಟ್ಟಿಕೊಂಡಿದ್ದರು. ಅದನ್ನು ನೋಡಿ ನಾನು ಮಾವನಿಗೆ ಒಂದು ಕಾರ್ಡು ಬರೆದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. "ನಾನು ಸ್ಟಿರಾಯ್ಡ್ ಮಾತ್ರೆಯಲ್ಲಿದ್ದೇನೆ. ಒಮ್ಮೆಲೇ ನಿಲ್ಲಿಸಬಾರದು. ಜ್ವರ ಬಂದರೆ ಎರಡರಷ್ಟು ಬೇಕು. ವಾಂತಿ, ತಲೆಸುತ್ತು ಇದ್ದರೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡಿ." ಮಾವ ಅದನ್ನು ಅಂಗಿಯ ಜೇಬಿನಲ್ಲಿ, ಹಿಂದೆ ಸುಣ್ಣದ ಡಬ್ಬಿ ಇಡುತ್ತಿದ್ದ ಜಾಗದಲ್ಲಿ ಇಟ್ಟುಕೊಂಡರು.

ಆಪರೇಷನ್ ಆಗಿ ಮೂರು ತಿಂಗಳಿಗೆ ಒಂದು ಉಪನಯನ. ಆರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು, ಸಿಹಿ ಬೇಡ ಅಂತ ಹೇಳಿ ಕಳಿಸಿದ್ದರು. ಎಲೆಗೆ ಹಯಗ್ರೀವ ಬಿತ್ತು. ಮಾವ ಅತ್ತಿತ್ತ ನೋಡಿ ಎರಡು ಸಲ ಹಾಕಿಸಿಕೊಂಡರು. ಎರಡು ಗಂಟೆ ಕಳೆದು ಕುರ್ಚಿಯಲ್ಲಿ ಕೂತವರು ಬೆವರತೊಡಗಿದರು. ಕೈ ನಡುಕ, ಎದೆ ಡವಡವ, ಮುಖ ಬಿಳಿಚಿತು. ಹಾರ್ಟ್ ಅಟ್ಯಾಕ್ ಅಂತ ಯಾರೋ ಕೂಗಿದರು. ಇನ್ಯಾರೋ ಆ ಕಾರ್ಡು ತೆಗೆದು ಇಂಜೆಕ್ಷನ್ ಎಲ್ಲಿ ಅಂತ ಕೇಳಿದರು. ನನಗೂ ಕ್ಷಣ ಕೈಕಾಲು ಆಡಲಿಲ್ಲ.

ಅದು ಡಂಪಿಂಗ್. ಹೊಟ್ಟೆಯ ಚೀಲ ಕೊಳವೆಯಾದ ಮೇಲೆ ಸಿಹಿ ಅಲ್ಲಿ ನಿಲ್ಲುವುದಿಲ್ಲ, ದಡದಡ ಕರುಳಿಗೆ ಇಳಿಯುತ್ತದೆ. ಶುಗರ್ ಏರುತ್ತದೆ, ಇನ್ಸುಲಿನ್ ಹೆದರಿ ಜಾಸ್ತಿ ಬರುತ್ತದೆ, ಗಂಟೆ ಎರಡು ಗಂಟೆಯಲ್ಲಿ ಶುಗರ್ ಪಾತಾಳಕ್ಕೆ ಹೋಗುತ್ತದೆ. ಆಗ ಕೂಗು ಹಾಕುವುದು ಅಡ್ರಿನಲ್ಲಿನ ಒಳತಿರುಳು. ಆ ಬೆವರು, ಆ ನಡುಕ ಅಡ್ರಿನಲಿನ್ನಿನದು. ನನ್ನ ಹುಲಿ ಕೊನೆಗೂ ಬಂತು, ಹಯಗ್ರೀವದ ಬೆನ್ನೇರಿ. ಒಂದು ಲೋಟ ಶರಬತ್ತು ಕುಡಿಸಿದ ಮೇಲೆ ಹತ್ತು ನಿಮಿಷದಲ್ಲಿ ಸರಿಯಾದರು. ಸಿಹಿಯಿಂದ ಬಂದದ್ದಕ್ಕೆ ಸಿಹಿಯೇ ಮದ್ದಾ ಅಂತ ಅತ್ತೆಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಹೈಡ್ರೋಕಾರ್ಟಿಸೋನ್ ಮಾತ್ರೆ ಎದ್ದ ಕೂಡಲೇ 10 ಮಿಲಿಗ್ರಾಂ, ಮಧ್ಯಾಹ್ನ 5. ದೇಹದ ಲಯದ ನಕಲು ಅದು, ಬೆಳಿಗ್ಗೆ ಜಾಸ್ತಿ, ಹೊತ್ತು ಇಳಿದ ಹಾಗೆ ಕಡಿಮೆ. ಆಮೇಲೆ ಮಧ್ಯಾಹ್ನದ್ದು ಬಿಟ್ಟರು. ಎರಡು ಸಲ ಎಂಟು ಗಂಟೆಯ ರಕ್ತ ಕೊಟ್ಟೆವು. ಮೊದಲ ಸಲ 4, ಆಮೇಲೆ 7. ಎರಡು ಸಲವೂ ವಾಪಸ್ ಕಳಿಸಿದರು, ಇನ್ನೂ ಎದ್ದಿಲ್ಲ, ಕಾಯಿರಿ ಅಂತ. 10 ದಾಟಿದರೆ ಗ್ರಂಥಿ ಎದ್ದಿದೆ ಅಂತ ಲೆಕ್ಕ. ಮಾವನಿಗೆ ಇದೊಂದು ಪರೀಕ್ಷೆಯ ಹಾಗೆ, ಫೇಲಾದದ್ದಕ್ಕೆ ಮುಜುಗರ. ಊರಿನವರು ಕೇಳಿದರೆ "ಎರಡು ಸಬ್ಜೆಕ್ಟ್ ಬಾಕಿ ಉಂಟು" ಅನ್ನುತ್ತಿದ್ದರು. ಒಂದು ಕ್ಯಾನ್ಸರಿನ ಸ್ಕ್ಯಾನ್, ಇನ್ನೊಂದು ಇದು.

ಈ ಮೇ ತಿಂಗಳಲ್ಲಿ ಮೂರನೇ ಸಲ ಹೋದೆವು. ಹಿಂದಿನ ದಿನ ಬೆಳಿಗ್ಗೆಯ ಮಾತ್ರೆಯ ನಂತರ ಏನೂ ತೆಗೆದುಕೊಂಡಿರಲಿಲ್ಲ. ಏಳೂಮುಕ್ಕಾಲಿಗೇ ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಒಬ್ಬರು, ಮಾವನಿಗಿಂತ ಸಣ್ಣವರು, ಮೂಗಿಗೆ ಪೈಪ್ ಇತ್ತು. ಜೊತೆಗಿದ್ದ ಹೆಂಗಸು ಅವರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಧೈರ್ಯ ಅನ್ನುವ ಶಬ್ದ ಕೇಳಿಸಿತು. ಮಾವ ನನ್ನ ಕಡೆ ನೋಡಿದರು. ಆಮೇಲೆ ಆ ಹೆಂಗಸಿನ ಕಡೆ ಬಗ್ಗಿ, "ಏನೇನು ಮಾತ್ರೆ ಕೊಡ್ತಿದ್ದೀರಿ ಅಮ್ಮಾ?" ಅಂತ ಕೇಳಿದರು. ಅವರಿಗೆ ಗಾಬರಿಯಾಯಿತು, ಯಾರು ಇವರು ಅಂತ. ನಾನು ಸಮಜಾಯಿಷಿ ಹೇಳುವಷ್ಟರಲ್ಲಿ ಮಾವನ ಹೆಸರು ಕರೆದರು.

ಸಂಜೆ ರಿಪೋರ್ಟು ಫೋನಿಗೆ ಬಂತು. ಮಾವನಿಗೆ ಫೋನ್ ಮಾಡಿದೆ.

"ಎಷ್ಟು ಬಂತು?"

"ಹನ್ನೆರಡು, ಮಾವ."

"ಪಾಸಾ?"

"ಪಾಸು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅತ್ತೆಗೆ ಏನೋ ಹೇಳಿದ್ದು ಕೇಳಿಸಿತು. ಆಮೇಲೆ, "ಮೈಲುತುತ್ತಿಗೆ ಈ ಸಲ ರೇಟ್ ಏರಿದೆ ಮಾರಾಯ್ತಿ. ಮಳೆಗೆ ಮೊದಲು ತಂದಿಡಬೇಕು, ಭಾವನಿಗೆ ನೀನಾದರೂ ಸ್ವಲ್ಪ ಹೇಳು."